ಕೃತಿಸ್ವಾಮ್ಯವೂ ಕಲೆಯ ಋಣವೂ



ಇಂದು ನಾನು ಮಾತನಾಡಬೇಕೆಂದಿರುವುದು ಕೃತಿಸ್ವಾಮ್ಯವನ್ನು ಕುರಿತು. ಕವಿಯೊಬ್ಬನು ಬರೆದ ಪದ್ಯ, ವಾಗ್ಗೇಯಕಾರನೊಬ್ಬನು ಕಟ್ಟಿದ ಕೀರ್ತನೆ, ನಾಟಕಕಾರನೊಬ್ಬನು ರಂಗಕ್ಕೆ ತಂದ ಪ್ರಸಂಗ, ಇವು ಯಾರ ಸೊತ್ತು, ಎಷ್ಟು ಕಾಲದ ಸೊತ್ತು, ಮತ್ತೊಬ್ಬ ಕಲಾವಿದನು ಇವುಗಳಿಂದ ಎಷ್ಟನ್ನು ಎತ್ತಿಕೊಂಡು ತನ್ನದೊಂದನ್ನು ಕಟ್ಟಬಹುದು ಎಂಬ ಪ್ರಶ್ನೆಗಳಿಗೆ ಕಾನೂನು ಕೊಟ್ಟಿರುವ ಉತ್ತರವೇ ಕೃತಿಸ್ವಾಮ್ಯ. ಇದು ನ್ಯಾಯವಾದಿಗಳ ವಿಷಯವೆಂದು ತೋರಬಹುದು. ಆದರೆ ಹಾಡುವವರಿಗೆ, ನಾಟಕವಾಡುವವರಿಗೆ, ಓದುವವರಿಗೆ, ಎಲ್ಲರಿಗೂ ಇದು ಸಂಬಂಧಿಸಿದೆ.

ನಾನಿರುವುದು ಚೆನ್ನೈ ನಗರದ ದಕ್ಷಿಣಭಾಗದ ವೇಲಚೇರಿಯಲ್ಲಿ. ಕೆರೆಯೂ ದಂಡೀಶ್ವರನ ಪ್ರಾಚೀನ ದೇವಾಲಯವೂ ಇರುವ ಈ ಹಳೆಯ ಊರು ಈಗ ಮಹಾನಗರದೊಳಗೆ ಸೇರಿಹೋಗಿದೆ. ಉದ್ಯೋಗನಿಮಿತ್ತವಾಗಿ ಬಂದ ಕನ್ನಡ ಕುಟುಂಬಗಳು ಇಲ್ಲಿಯೂ ಇವೆ. ಇಲ್ಲಿ ಸಂಗೀತ ಕಲಿಯುವ ಮಕ್ಕಳು, ಅವರ ಮನೆಮಾತು ತಮಿಳಾಗಲಿ, ತೆಲುಗಾಗಲಿ, ಕನ್ನಡವಾಗಲಿ, ಮೊಟ್ಟಮೊದಲು ಕಲಿಯುವುದು ಮಾಯಾಮಾಳವಗೌಳ ರಾಗದ ಸರಳೆವರಸೆಗಳನ್ನು. ಆ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯವು ನಂಬಿಕೊಂಡು ಬಂದಿದೆ. ಅದಕ್ಕಾಗಿ ಯಾರೂ ಯಾರಿಗೂ ಒಂದು ಕಾಸನ್ನು ತೆರುವುದಿಲ್ಲ. ಯಾರ ಅನುಮತಿಯನ್ನೂ ಬೇಡುವುದಿಲ್ಲ. ಆದರೆ ಅದೇ ಮಗುವು ಬೆಳೆದು, ಹೋದ ವರ್ಷ ಬಂದ ಚಲಚ್ಚಿತ್ರದ ಗೀತೆಯೊಂದನ್ನು ಟಿಕೆಟ್ಟಿಟ್ಟ ಸಭೆಯಲ್ಲಿ ಹಾಡಿದರೆ ಅನುಮತಿಯೂ ಬೇಕು, ಹಣವೂ ಸಲ್ಲಬೇಕು. ಈ ಭೇದವು ಹೇಗೆ ಹುಟ್ಟಿತು? ಇದು ನ್ಯಾಯವೆ? ಕಲೆಗೆ ಇದರಿಂದ ಹಿತವೋ ಅಹಿತವೋ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಲಾವಿದನಿಗೆ ಸಲ್ಲಬೇಕಾದ ಹಣಕ್ಕೆ ಕಾನೂನು ಒಂದು ಅವಧಿಯನ್ನು ಇಟ್ಟಿದೆ. ಹಾಗೆ ಇಡುವುದು ಯುಕ್ತವೂ ಹೌದು. ಆದರೆ ಅವನಿಗೆ ಸಲ್ಲಬೇಕಾದ ಹೆಸರಿಗೆ ಅವಧಿಯೆಂಬುದಿಲ್ಲ. ಈ ಎರಡನ್ನೂ ಬೇರೆಬೇರೆಯಾಗಿ ತಿಳಿದುಕೊಂಡರೆ ಕೃತಿಸ್ವಾಮ್ಯದ ಅನೇಕ ತೊಡಕುಗಳು ಬಿಡಿಸಿಕೊಳ್ಳುತ್ತವೆ.

ಒಂದು ಉದಾಹರಣೆಯಿಂದ ಪ್ರಾರಂಭಿಸೋಣ. ವೇಲಚೇರಿಯಿಂದ ಹೊರಡುವ ಮೇಲುಸೇತುವೆಯ ರೈಲು ಪೆರುಂಗುಡಿ, ತರಮಣಿಗಳನ್ನು ದಾಟಿ ತಿರುವಾನ್ಮಿಯೂರನ್ನು ಸೇರುತ್ತದೆ. ರುಕ್ಮಿಣೀದೇವಿಯವರು 1936ರಲ್ಲಿ ಅಡ್ಯಾರಿನಲ್ಲಿ ಪ್ರಾರಂಭಿಸಿದ ಕಲಾಕ್ಷೇತ್ರವು ಈಗ ಇರುವುದು ಆ ತಿರುವಾನ್ಮಿಯೂರಿನ ಕಡಲತಡಿಯಲ್ಲಿ. ಕನ್ನಡಿಗರಿಗೆ ಆ ಸಂಸ್ಥೆಯು ಒಂದು ವಿಶೇಷ ಕಾರಣದಿಂದ ಆಪ್ತವಾದದ್ದು. ಮೈಸೂರು ವಾಸುದೇವಾಚಾರ್ಯರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿ. 1865ರಲ್ಲಿ ಜನಿಸಿ, ಮೂವರು ಒಡೆಯರ ಕಾಲದಲ್ಲಿ ಮೈಸೂರಿನ ಆಸ್ಥಾನವನ್ನು ಕಂಡು, ಎಂಬತ್ತರ ವಯಸ್ಸು ದಾಟಿದ ಮೇಲೆ ರುಕ್ಮಿಣೀದೇವಿಯವರ ಆಹ್ವಾನವನ್ನು ಮನ್ನಿಸಿ ಮದರಾಸಿಗೆ ಬಂದು, ವಾಲ್ಮೀಕಿರಾಮಾಯಣದ ನೃತ್ಯನಾಟಕಗಳಿಗೆ ಸಂಗೀತವನ್ನು ಕಟ್ಟಿಕೊಟ್ಟ ಆ ಹಿರಿಯರು 1961ರಲ್ಲಿ ತೀರಿಕೊಂಡರು. ಉಳಿದ ನಾಟಕಗಳ ಸಂಗೀತವನ್ನು ಅವರ ಮೊಮ್ಮಗ ರಾಜಾರಾಮ್ ಅವರು ಪೂರ್ಣಗೊಳಿಸಿದರು.

ಈ ರಾಮಾಯಣ ನೃತ್ಯನಾಟಕವನ್ನು ಕಾನೂನಿನ ದೃಷ್ಟಿಯಿಂದ ನೋಡಿ. ಪ್ರೇಕ್ಷಕರಿಗೆ ಅದು ಒಂದು ಕೃತಿ. ಕಾನೂನಿಗೆ ಅದು ಹಲವು ಪದರಗಳ ಕೃತಿ. ವಾಲ್ಮೀಕಿಯ ಶ್ಲೋಕಗಳು ಎಲ್ಲರ ಸೊತ್ತು. ಆಚಾರ್ಯರ ಸಂಗೀತವು ಒಂದು ಪ್ರತ್ಯೇಕ ಕೃತಿ. ರುಕ್ಮಿಣೀದೇವಿಯವರ ನೃತ್ಯಸಂಯೋಜನೆಯನ್ನು ಬರವಣಿಗೆಯಲ್ಲೋ ಬೇರೊಂದು ರೀತಿಯಲ್ಲೋ ನೆಲೆಗೊಳಿಸಿದ್ದರೆ ಅದು ಮತ್ತೊಂದು ಕೃತಿ. ರಂಗದ ಮೇಲೆ ಹಾಡಿದವರ, ಕುಣಿದವರ ಪ್ರದರ್ಶನಕ್ಕೂ ಹಕ್ಕುಂಟು. ಅದನ್ನು ಧ್ವನಿಮುದ್ರಿಸಿದರೆ ಆ ಮುದ್ರಿಕೆಗೂ ಹಕ್ಕುಂಟು. ನಮ್ಮ ದೇಶದ ಕಾಯಿದೆಯಂತೆ ಸಾಹಿತ್ಯ, ಸಂಗೀತ, ನಾಟಕಗಳ ಸ್ವಾಮ್ಯವು ಕರ್ತೃವಿನ ಜೀವಿತಕಾಲವಿಡೀ ಇದ್ದು, ಅವನು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ಅರುವತ್ತು ವರ್ಷಗಳವರೆಗೆ ಮುಂದುವರಿಯುತ್ತದೆ. ಈ ಲೆಕ್ಕದಂತೆ ವಾಸುದೇವಾಚಾರ್ಯರು ಬದುಕಿದ್ದಾಗ ಪ್ರಕಟವಾದ, ಸಭೆಯಲ್ಲಿ ಹಾಡಲ್ಪಟ್ಟ ಕೃತಿಗಳು 2021ರ ಕೊನೆಯ ದಿನದವರೆಗೆ ಸ್ವಾಮ್ಯಕ್ಕೆ ಒಳಪಟ್ಟಿದ್ದವು; 2022ರ ಮೊದಲ ದಿನದಿಂದ ಅವು ಲೋಕಕ್ಕೆ ಸೇರಿದುವು. ಖಮಾಸ್ ರಾಗದ ಅವರ ಸುಪ್ರಸಿದ್ಧ ತೆಲುಗು ಕೀರ್ತನೆಯನ್ನು ‘ಶಂಕರಾಭರಣಂ’ ಚಲಚ್ಚಿತ್ರದ ಮೂಲಕ ಕೇಳಿದ ಲಕ್ಷಾಂತರ ಜನರಲ್ಲಿ, ಅದು ಮೈಸೂರಿನವರೊಬ್ಬರ ಕೃತಿಯೆಂದೂ, ಆಗ ಅದು ಇನ್ನೂ ಸ್ವಾಮ್ಯದಲ್ಲಿದ್ದ ಕೃತಿಯೆಂದೂ ಅರಿತವರು ಎಷ್ಟು ಮಂದಿಯಿದ್ದಾರು?

ಇಷ್ಟರವರೆಗೆ ಹೇಳಿದ್ದು ಒಂದು ಮಾತು: ಒಂದು ಕಲಾಕೃತಿಯಲ್ಲಿ ಹಲವರ ಪಾಲುಂಟು, ಪ್ರತಿಯೊಂದು ಪಾಲಿಗೂ ಬೇರೆಬೇರೆ ಅವಧಿಯುಂಟು. ಇನ್ನು ಎರಡನೆಯ ಮಾತಿಗೆ ಬರೋಣ. ಈ ಸ್ವಾಮ್ಯದ ಚಿಂತೆಯಿಲ್ಲದ ಕಾಲದಲ್ಲಿ ನಮ್ಮ ಕಲಾವಿದರು ಹೇಗೆ ಬಾಳಿದರು? ಒಬ್ಬರಿಂದೊಬ್ಬರು ಹೇಗೆ ಪಡೆದುಕೊಂಡರು?

ವಾಸುದೇವಾಚಾರ್ಯರ ಜೀವನವೇ ಇದಕ್ಕೆ ಉತ್ತರ. ತರುಣರಾಗಿದ್ದ ಅವರನ್ನು ಚಾಮರಾಜ ಒಡೆಯರು ತಮ್ಮ ವೆಚ್ಚದಲ್ಲಿ ತಿರುವೈಯಾರಿಗೆ, ಪಟ್ನಂ ಸುಬ್ರಹ್ಮಣ್ಯ ಅಯ್ಯರವರ ಬಳಿಗೆ ಕಳುಹಿಸಿದರು. ಸುಬ್ರಹ್ಮಣ್ಯ ಅಯ್ಯರವರ ಗುರುಗಳು ಮಾನಂಬುಚಾವಡಿ ವೆಂಕಟಸುಬ್ಬಯ್ಯರವರು. ಅವರ ಗುರುಗಳು ಸಾಕ್ಷಾತ್ ತ್ಯಾಗರಾಜರು. ಈ ಪರಂಪರೆಯಲ್ಲಿ ಪ್ರತಿಯೊಬ್ಬರೂ ಹಿಂದಿನವರ ರಾಗಭಾವವನ್ನು, ಸಂಗತಿಗಳನ್ನು, ಪದಗಳನ್ನು ಜೋಡಿಸುವ ಕ್ರಮವನ್ನು ಕಂಠಸ್ಥ ಮಾಡಿಕೊಂಡು, ಅದರೊಳಗಿಂದಲೇ ತಮ್ಮ ಧ್ವನಿಯನ್ನು ಕಂಡುಕೊಂಡರು. ಅನುಕರಣವು ಅಲ್ಲಿ ದೋಷವಾಗಿರಲಿಲ್ಲ, ಅದು ವಿದ್ಯಾಭ್ಯಾಸವಾಗಿತ್ತು. ಆಚಾರ್ಯರ ಅನ್ನಕ್ಕೆ ಅರಸನಿದ್ದನು, ಕೃತಿಯಿಂದ ಹಣ ಬರಬೇಕಾದ ಪ್ರಮೇಯವೇ ಇರಲಿಲ್ಲ.

ಕನ್ನಡ ಸಾಹಿತ್ಯದಲ್ಲಿಯೂ ಹೀಗೆಯೆ. ಪಂಪನು ಸುಮಾರು ಸಾವಿರ ವರ್ಷಗಳ ಹಿಂದೆ ವ್ಯಾಸರ ಭಾರತವನ್ನು ತೆಗೆದುಕೊಂಡು ತನ್ನ ದೊರೆಯಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಹೊಸ ಕಾವ್ಯವನ್ನು ರಚಿಸಿದನು. ಅದಾಗಿ ಕೆಲವು ದಶಕಗಳಲ್ಲಿ ರನ್ನನು ಪಂಪನ ಕಾವ್ಯದ ಒಂದೇ ಒಂದು ಆಶ್ವಾಸದ ಕಥೆಯನ್ನು, ಗದಾಯುದ್ಧದ ಕಥೆಯನ್ನು ಎತ್ತಿಕೊಂಡು, ಅದನ್ನೇ ಒಂದು ಮಹಾಕಾವ್ಯವಾಗಿ ಬೆಳೆಸಿದನು. ಇದನ್ನು ಅಪಹರಣವೆಂದು ಯಾರೂ ಕರೆಯಲಿಲ್ಲ. ಗದುಗಿನ ಕುಮಾರವ್ಯಾಸನು ತನ್ನ ಹೆಸರಿನಲ್ಲಿಯೇ ತನ್ನ ಋಣವನ್ನು ಹೊತ್ತುಕೊಂಡನು. ಕಾವ್ಯದ ಕರ್ತೃತ್ವವನ್ನು ತನ್ನ ದೈವಕ್ಕೆ ಬಿಟ್ಟು ತಾನು ಕೇವಲ ಬರೆದುಕೊಳ್ಳುವವನೆಂದನು.

ಈ ಚೆನ್ನೈ ನಗರದಲ್ಲಿಯೇ ನಡೆದ ಇನ್ನೊಂದು ಸಂಗತಿಯುಂಟು. ಮುತ್ತುಸ್ವಾಮಿ ದೀಕ್ಷಿತರು ನಗರದ ಉತ್ತರಕ್ಕಿರುವ ಮಣಲಿಯಲ್ಲಿ ಇದ್ದ ಕಾಲದಲ್ಲಿ ಆಂಗ್ಲರ ಸೈನ್ಯದ ವಾದ್ಯವೃಂದವನ್ನು ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ಹೊಂದಿಸಿದರು. ನೊಟ್ಟುಸ್ವರಗಳೆಂದು ಪ್ರಸಿದ್ಧವಾದ ಇಂಥ ರಚನೆಗಳು ಸುಮಾರು ನಲವತ್ತಿವೆ. ಇಂಗ್ಲೆಂಡಿನ ರಾಜಗೀತೆಯ ಮಟ್ಟು ಕೂಡ ಅವುಗಳಲ್ಲಿ ಸೇರಿದೆ. ಪರದೇಶದ ದಂಡಿನ ಮಟ್ಟು ಈ ನಾಡಿನ ಮಕ್ಕಳ ಬಾಯಲ್ಲಿ ಭಕ್ತಿಗೀತೆಯಾಗಿ ಇಂದಿಗೂ ಉಳಿದಿದೆ.

ರಂಗಭೂಮಿಯ ಋಣವಂತೂ ಊರಿಂದೂರಿಗೆ ಸಂಚರಿಸಿತು. ಉತ್ತರಕನ್ನಡದ ಕರ್ಕಿಯ ಭಾಗವತಮೇಳದವರು ಸಾಂಗ್ಲಿಯಲ್ಲಿ ಆಡಿದ ಆಟದಿಂದ ಪ್ರೇರಿತರಾಗಿ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದ ಎಣಿಸುತ್ತಾರೆ. ಅನಂತರ ಕಿರ್ಲೋಸ್ಕರರ ಸಂಗೀತನಾಟಕಗಳಲ್ಲಿ ಕನ್ನಡದ ಧಾಟಿಗಳು ಸೇರಿಕೊಂಡವು. ಕೆಲವೇ ದಶಕಗಳಲ್ಲಿ ಆ ಮರಾಠಿ ರಂಗಗೀತೆಗಳ ಮಟ್ಟುಗಳು ನಮ್ಮ ಕಂಪನಿ ನಾಟಕಗಳಿಗೆ ಬಂದು, ಕನ್ನಡದ ಹಳ್ಳಿಹಳ್ಳಿಗಳಲ್ಲಿ ಹಬ್ಬಿದವು. ನಾವು ಕೊಟ್ಟೆವು, ಅವರು ಬೆಳೆಸಿದರು, ಮತ್ತೆ ನಾವು ಪಡೆದೆವು. ಪ್ರತಿಯೊಂದು ಹಂತದಲ್ಲಿಯೂ ಅನುಮತಿಯ ಪತ್ರಕ್ಕಾಗಿ ಕಾಯಬೇಕಾಗಿದ್ದರೆ ಈ ಸಂಚಾರವು ಎಲ್ಲಿ ನಿಂತುಹೋಗುತ್ತಿತ್ತೋ ಹೇಳಲಾರೆವು.

ಹಾಗಾದರೆ ಹಿಂದಿನವರಿಗೆ ಕರ್ತೃವಿನ ಹೆಸರಿನ ಚಿಂತೆಯೇ ಇರಲಿಲ್ಲವೆ? ಇತ್ತು. ಬಹಳವಾಗಿ ಇತ್ತು. ಬಸವಣ್ಣನವರ ವಚನವು ಕೂಡಲಸಂಗಮದೇವನ ಅಂಕಿತವಿಲ್ಲದೆ ಮುಗಿಯುವುದಿಲ್ಲ. ಕನಕದಾಸರ ಪದವು ಕಾಗಿನೆಲೆಯ ಆದಿಕೇಶವನಿಲ್ಲದೆ ಮುಗಿಯುವುದಿಲ್ಲ. ವಾಸುದೇವಾಚಾರ್ಯರ ಕೃತಿಯಲ್ಲಿ ವಾಸುದೇವನ ಮುದ್ರೆಯುಂಟು. ಹಾಡನ್ನು ಯಾರು ಬೇಕಾದರೂ ಹಾಡಬಹುದು; ಆದರೆ ಅಂಕಿತವನ್ನು ಬಿಟ್ಟು ಹಾಡುವುದು ಅಪಚಾರ, ಬದಲಾಯಿಸಿ ಹಾಡುವುದು ಮಹಾಪಚಾರ. ನಮ್ಮ ಪೂರ್ವಿಕರು ಹಣದ ಸ್ವಾಮ್ಯವನ್ನು ಅರಿಯದಿದ್ದರೂ ಹೆಸರಿನ ಸ್ವಾಮ್ಯವನ್ನು ಚೆನ್ನಾಗಿ ಅರಿತಿದ್ದರು. ಅದನ್ನು ಹಾಡಿನ ಹೊರಗೆ ಬರೆದಿಡದೆ ಹಾಡಿನ ಒಳಗೇ ಹೆಣೆದಿಟ್ಟರು.

ಈವರೆಗೆ ಎರಡು ಮಾತುಗಳಾದುವು. ಕೃತಿಗೆ ಪದರಗಳುಂಟು ಎಂಬುದು ಮೊದಲನೆಯದು. ನಮ್ಮ ಕಲೆಯು ಎರವಲಿನಿಂದ ಬೆಳೆದುದು, ಆದರೆ ಹೆಸರನ್ನು ಕಾಪಾಡಿಕೊಂಡು ಬೆಳೆದುದು ಎಂಬುದು ಎರಡನೆಯದು. ಇನ್ನು ಮೂರನೆಯದು, ಕಾನೂನಿನ ಪ್ರವೇಶ.

ಅರಸರ ಆಶ್ರಯವು ಕುಗ್ಗಿ, ಮುದ್ರಣಾಲಯವು ಬಂದು, ಪುಸ್ತಕವು ಅಂಗಡಿಯ ಸರಕಾದಾಗ, ಬರೆದವನಿಗೆ ಅನ್ನ ಕೊಡುವವರು ಯಾರೆಂಬ ಪ್ರಶ್ನೆ ಎದ್ದಿತು. ಇಂಗ್ಲೆಂಡಿನಲ್ಲಿ 1710ರಲ್ಲಿಯೇ ಇದಕ್ಕೊಂದು ಶಾಸನವಾಗಿತ್ತು. ಭಾರತದಲ್ಲಿ ಮೊದಲು 1847ರ ಕಾಯಿದೆ, ತರುವಾಯ 1914ರ ಕಾಯಿದೆ, ಸ್ವಾತಂತ್ರ್ಯಾನಂತರ 1957ರ ಕಾಯಿದೆ, ಹೀಗೆ ಕ್ರಮವಾಗಿ ಬಂದುವು. 1914ರ ಕಾಯಿದೆಯಲ್ಲಿ ಒಂದು ಉದಾರವಾದ ನಿಯಮವಿತ್ತು. ಇಲ್ಲಿ ಪ್ರಕಟವಾದ ಪುಸ್ತಕವನ್ನು ಭಾಷಾಂತರಿಸುವ ಏಕಾಧಿಕಾರವು ಕರ್ತೃವಿಗೆ ಹತ್ತು ವರ್ಷ ಮಾತ್ರ; ಅಷ್ಟರೊಳಗೆ ಆತನು ಒಂದು ಭಾಷೆಗೆ ಅದನ್ನು ಭಾಷಾಂತರಿಸಿ ಪ್ರಕಟಿಸದಿದ್ದರೆ ಆ ಭಾಷೆಯ ಬಾಗಿಲು ಎಲ್ಲರಿಗೂ ತೆರೆಯುತ್ತಿತ್ತು. ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರನ್ನೂ, ಗಳಗನಾಥರು ಮರಾಠಿಯ ಹರಿನಾರಾಯಣ ಆಪ್ಟೆಯವರನ್ನೂ ಕನ್ನಡಕ್ಕೆ ತಂದು ನಮ್ಮಲ್ಲಿ ಕಾದಂಬರಿಯ ಓದುಗರನ್ನು ಸೃಷ್ಟಿಸಿದ ಬಗೆಯನ್ನು ನೆನೆದರೆ, ಭಾಷೆಯಿಂದ ಭಾಷೆಗೆ ದಾರಿ ತೆರೆದಿಡುವುದರ ಮಹತ್ತ್ವವು ಅರಿವಾಗುತ್ತದೆ. ಈಗಿನ ಕಾಯಿದೆಯಲ್ಲಿ ಭಾಷಾಂತರದ ಹಕ್ಕು ಪೂರ್ಣಾವಧಿಯವರೆಗೆ ಕರ್ತೃವಿನದೇ. ಪುಸ್ತಕವು ಹೊರಬಂದು ಏಳು ವರ್ಷಗಳಾದ ಮೇಲೂ ಒಂದು ಭಾಷೆಗೆ ಅದು ಬಾರದಿದ್ದರೆ ಪರವಾನಗಿಯನ್ನು ಬೇಡಬಹುದು, ಅಷ್ಟೆ.

ಅವಧಿಯೂ ಹಿಗ್ಗುತ್ತ ಬಂದಿದೆ. 1957ರಲ್ಲಿ ಕರ್ತೃವಿನ ಮರಣಾನಂತರ ಐವತ್ತು ವರ್ಷವೆಂದಿದ್ದುದು 1992ರಲ್ಲಿ ಅರುವತ್ತಾಯಿತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳು ಆಗ ಸ್ವಾಮ್ಯದಿಂದ ಹೊರಬೀಳುವುದರಲ್ಲಿದ್ದುದೇ ಈ ವಿಸ್ತರಣಕ್ಕೆ ನಿಮಿತ್ತ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಮದರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಗೌರವವನ್ನು ಪಡೆದಿದ್ದ ಆ ವಿದ್ವತ್ಕವಿಯು ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2024ರ ಆರಂಭದಿಂದ ಎಲ್ಲರವೂ ಆಗಿವೆ. ಬೇಂದ್ರೆಯವರಿಗಾಗಿ 2041ರ ಕೊನೆಯವರೆಗೆ, ಕುವೆಂಪು ಅವರಿಗಾಗಿ 2054ರ ಕೊನೆಯವರೆಗೆ ಕಾಯಬೇಕು.

ಇಲ್ಲಿ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಕಾನೂನು ಕಾಪಾಡುವುದು ಭಾವನೆಯನ್ನಲ್ಲ, ಕಥಾವಸ್ತುವನ್ನಲ್ಲ, ಇತಿಹಾಸದ ಸಂಗತಿಯನ್ನಲ್ಲ. ಅದಕ್ಕೆ ಕರ್ತೃವು ಕೊಟ್ಟ ರೂಪವನ್ನು ಮಾತ್ರ. ‘ಹಮ್ ಹಿಂದೂಸ್ತಾನಿ’ ಎಂಬ ನಾಟಕವನ್ನು ಬರೆದ ಆರ್. ಜಿ. ಆನಂದ್ ಎಂಬವರು ‘ನ್ಯೂ ಡೆಲ್ಲಿ’ ಎಂಬ ಚಲಚ್ಚಿತ್ರವು ತಮ್ಮ ನಾಟಕದ ನಕಲೆಂದು ನ್ಯಾಯಾಲಯಕ್ಕೆ ಹೋದರು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ಒಪ್ಪದೆ ಈ ತತ್ತ್ವವನ್ನು ಸ್ಪಷ್ಟವಾಗಿ ವಿವರಿಸಿತು. ಒಂದೇ ವಸ್ತುವನ್ನು ಇಬ್ಬರು ಎತ್ತಿಕೊಂಡು ಭಿನ್ನವಾಗಿ ಬೆಳೆಸಿದರೆ ಅಲ್ಲಿ ಉಲ್ಲಂಘನೆಯಿಲ್ಲ. ರನ್ನನು ಇಂದು ಇದ್ದು, ಪಂಪನ ಕಾವ್ಯವು ಇನ್ನೂ ಸ್ವಾಮ್ಯದಲ್ಲಿ ಇದ್ದರೂ, ಗದಾಯುದ್ಧದ ಕಥೆಯನ್ನು ಹೇಳುವುದಕ್ಕೆ ಆತನಿಗೆ ಅಡ್ಡಿಯಿರುತ್ತಿರಲಿಲ್ಲ. ಪಂಪನ ಪದ್ಯಗಳನ್ನು ಇದ್ದಂತೆಯೇ ಎತ್ತಿದ್ದರೆ ಮಾತ್ರ ಉತ್ತರ ಹೇಳಬೇಕಾಗುತ್ತಿತ್ತು. ಇದು ವಿವೇಕದ ಗೆರೆ.

ಮೂರು ಮಾತುಗಳಾದುವು. ಪದರಗಳು, ಎರವಲಿನ ಪರಂಪರೆ, ಕಾನೂನಿನ ಗೆರೆ. ಇನ್ನು ಆ ಗೆರೆಯು ಬಾಳಿನಲ್ಲಿ ಹೇಗೆ ಎಳೆಯಲ್ಪಡುತ್ತದೆಂಬುದನ್ನು ಮೂರು ಪ್ರಕರಣಗಳಲ್ಲಿ ನೋಡೋಣ.

ಮೊದಲನೆಯದು ಈ ಚೆನ್ನೈ ನಗರದ್ದು. ಮಹಾಕವಿ ಸುಬ್ರಹ್ಮಣ್ಯ ಭಾರತಿಯವರು 1921ರಲ್ಲಿ ಇಲ್ಲಿಯೇ ತೀರಿಕೊಂಡರು, ಬಡತನದಲ್ಲಿ. ಅವರ ಹಾಡುಗಳನ್ನು ಧ್ವನಿಮುದ್ರಿಕೆ, ಚಲಚ್ಚಿತ್ರಗಳಲ್ಲಿ ಬಳಸುವ ಹಕ್ಕು ಕೈಯಿಂದ ಕೈಗೆ ಮಾರಾಟವಾಗಿ, ಕಡೆಗೆ ಚಿತ್ರನಿರ್ಮಾಪಕರಾದ ಎ. ವಿ. ಮೆಯ್ಯಪ್ಪನ್ನರ ವಶಕ್ಕೆ ಬಂತು. 1948ರಲ್ಲಿ ಟಿ. ಕೆ. ಎಸ್. ಸೋದರರು ‘ಬಿಲ್ಹಣನ್’ ಎಂಬ ಚಿತ್ರದಲ್ಲಿ ಭಾರತಿಯವರ ಹಾಡನ್ನು ಬಳಸಿದಾಗ ವ್ಯಾಜ್ಯವೆದ್ದಿತು. ನಾಡನ್ನು ಎಚ್ಚರಿಸಿದ ಕವಿಯ ಹಾಡು ಒಬ್ಬರ ಪೆಟ್ಟಿಗೆಯಲ್ಲಿ ಬೀಗಹಾಕಿಕೊಂಡು ಇರಬಹುದೆ ಎಂದು ತಮಿಳು ಜನತೆ ಕೇಳಿತು. ಮೆಯ್ಯಪ್ಪನ್ನರು ಹಣವನ್ನು ಅಪೇಕ್ಷಿಸದೆ ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು. ಓಮಂದೂರು ರಾಮಸ್ವಾಮಿ ರೆಡ್ಡಿಯಾರರ ಸರಕಾರವು 1949ರಲ್ಲಿ ಭಾರತಿಯವರ ಕೃತಿಗಳ ಸ್ವಾಮ್ಯವನ್ನು ತಾನು ಪಡೆದು ಕುಟುಂಬಕ್ಕೆ ಪರಿಹಾರಧನವನ್ನು ಕೊಟ್ಟಿತು. ಕೆಲವು ವರ್ಷಗಳ ಮೇಲೆ ಅವನ್ನು ಜನತೆಗೆ ಬಿಟ್ಟಿತು. ಅಂದಿನಿಂದ ತಮಿಳುನಾಡು ಸರಕಾರವು ನೂರಕ್ಕೂ ಮಿಕ್ಕ ಲೇಖಕರ ಕೃತಿಗಳನ್ನು ಈ ಕ್ರಮದಲ್ಲಿ ನಾಡಿನ ಸೊತ್ತಾಗಿ ಮಾಡಿದೆ. ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’ ಕಾದಂಬರಿಯನ್ನು ಇಂದು ಹತ್ತಾರು ಪ್ರಕಾಶಕರು ಸುಲಭಬೆಲೆಗೆ ಅಚ್ಚುಹಾಕುತ್ತಾರೆ. ಕರ್ತೃವಿನ ಮನೆಗೆ ಹಣವೂ ಸಂದಿತು, ಓದುಗನ ಮನೆಗೆ ಪುಸ್ತಕವೂ ಬಂತು.

ಎರಡನೆಯದು ನಮ್ಮ ಉಡುಪಿಯದು. ಶಿವರಾಮ ಕಾರಂತರು ಯಕ್ಷಗಾನಕ್ಕೆ ಮಾಡಿದ ಸೇವೆಯನ್ನು ನೀವು ಬಲ್ಲಿರಿ. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಕೆಲವೇ ಗಂಟೆಗಳಿಗೆ ಸಂಗ್ರಹಿಸಿ, ಮಾತನ್ನು ಕಡಮೆಮಾಡಿ, ಹಿಮ್ಮೇಳಕ್ಕೆ ಪ್ರಯೋಗಾರ್ಥವಾಗಿ ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿ, ಯಕ್ಷರಂಗವೆಂಬ ಹೊಸ ರೂಪವನ್ನು ಅವರು ಕಟ್ಟಿದರು. 1994ರ ತಮ್ಮ ಉಯಿಲಿನಲ್ಲಿ ಕೃತಿಗಳ ಸ್ವಾಮ್ಯವನ್ನು ತಮ್ಮ ಬಳಿ ಬಹುಕಾಲ ಸಹಾಯಕಿಯಾಗಿದ್ದ ಬಿ. ಮಾಲಿನಿ ಮಲ್ಯರಿಗೆ ಬಿಟ್ಟರು. 1997ರಲ್ಲಿ ಕಾರಂತರು ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯವರು ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿದಾಗ, ಅನುಮತಿಯಿಲ್ಲದೆ ಆಡಿದರೆಂದು ವ್ಯಾಜ್ಯವಾಯಿತು. ಉಡುಪಿಯ ಜಿಲ್ಲಾ ನ್ಯಾಯಾಲಯ, ಕರ್ನಾಟಕ ಉಚ್ಚ ನ್ಯಾಯಾಲಯಗಳನ್ನು ದಾಟಿ ಅದು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 2009ರಲ್ಲಿ ಆ ನ್ಯಾಯಾಲಯವು ಕಾರಂತರ ಉತ್ತರಾಧಿಕಾರಿಯ ಹಕ್ಕನ್ನು ಎತ್ತಿಹಿಡಿಯಿತು. ಅದರೊಡನೆ, ವಿದ್ಯಾಸಂಸ್ಥೆಗಳಿಗೂ ಹವ್ಯಾಸಿಗಳಿಗೂ ಕಾಯಿದೆಯು ಕೊಟ್ಟಿರುವ ವಿನಾಯಿತಿಗಳು ಉಳಿದೇ ಇವೆಯೆಂಬುದನ್ನೂ ಬಿಡಿಸಿ ಹೇಳಿತು.

ಈ ಪ್ರಕರಣವು ನಮ್ಮನ್ನು ಚಿಂತನೆಗೆ ಹಚ್ಚುತ್ತದೆ. ಕಾರಂತರ ಹಕ್ಕು ನ್ಯಾಯವಾದದ್ದು. ಅವರ ಶ್ರಮವೂ ಪ್ರತಿಭೆಯೂ ಅಂಥವು. ಆದರೆ ಕಾರಂತರು ಯಾವ ಭಂಡಾರದಿಂದ ತೆಗೆದುಕೊಂಡರೋ, ಆ ಬಡಗುತಿಟ್ಟಿನ ತಾಳ, ಹೆಜ್ಜೆ, ಮಟ್ಟು, ವೇಷಗಳನ್ನು ಶತಮಾನಗಳ ಕಾಲ ಗದ್ದೆಯ ಬಯಲಿನಲ್ಲಿ ನಿಂತು ಉಳಿಸಿಕೊಟ್ಟ ಭಾಗವತರಿಗೂ ವೇಷಧಾರಿಗಳಿಗೂ ಕಾಯಿದೆಯಲ್ಲಿ ಸ್ಥಾನವಿಲ್ಲ. ಕಾನೂನು ಒಬ್ಬ ಕರ್ತೃವನ್ನು ಗುರುತಿಸಬಲ್ಲದು. ಒಂದು ಸಮುದಾಯವನ್ನು ಗುರುತಿಸಲಾರದು. ಪರಂಪರೆಯಿಂದ ಪಡೆದವನು ತಾನು ಸೇರಿಸಿದ್ದಕ್ಕೆ ಸ್ವಾಮ್ಯವನ್ನು ಪಡೆಯುತ್ತಾನೆ. ಪರಂಪರೆಯು ಬರಿಗೈಯಲ್ಲಿ ನಿಲ್ಲುತ್ತದೆ. ಈ ಕೊರತೆಯನ್ನು ಶಾಸನವು ಇನ್ನೂ ತುಂಬಿಲ್ಲ. ಅದು ತುಂಬುವವರೆಗೆ ತುಂಬಬೇಕಾದವರು ನಾವು. ಇಂಥ ತಿಟ್ಟಿನ, ಇಂಥ ಮೇಳದ, ಇಂಥ ಭಾಗವತರ ಸಂಪ್ರದಾಯದಿಂದ ಬಂದದ್ದೆಂದು ರಂಗದ ಮೇಲಿಂದಲೇ ಸಾರಿ ಹೇಳುವುದರ ಮೂಲಕ.

ಮೂರನೆಯದು ಚಲಚ್ಚಿತ್ರಗೀತೆಯದು. ಕನ್ನಡ ಚಿತ್ರಗಳು ದಶಕಗಳ ಕಾಲ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದುದು ನಿಮಗೆ ತಿಳಿದೇ ಇದೆ. ಆ ಸ್ಟುಡಿಯೋಗಳಲ್ಲಿ ಗೀತೆ ಬರೆದವರೂ ರಾಗ ಹಾಕಿದವರೂ ಒಮ್ಮೆ ಸಂಭಾವನೆಯನ್ನು ಪಡೆದರೆ ಮುಗಿಯಿತು. ಆಮೇಲೆ ಹಾಡು ಎಷ್ಟು ಸಲ ಮೊಳಗಿದರೂ ಅದರ ಲಾಭ ನಿರ್ಮಾಪಕರಿಗೆ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಕಾಯಿದೆಯ ಅಕ್ಷರಕ್ಕೆ ಅನುಸಾರವಾಗಿ ನಿರ್ಮಾಪಕರ ಪರವಾಗಿಯೇ ತೀರ್ಪನ್ನಿತ್ತಿತು. 2012ರ ತಿದ್ದುಪಡಿಯಿಂದ ಪರಿಸ್ಥಿತಿ ಮಾರ್ಪಟ್ಟಿತು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಕವಿಗೂ ಸಂಗೀತಗಾರನಿಗೂ ಸಮಪಾಲು ಸಲ್ಲತಕ್ಕದ್ದು; ಆ ಪಾಲನ್ನು ಪ್ರಕಾಶಕನಿಗೋ ನಿರ್ಮಾಪಕನಿಗೋ ಬರೆದುಕೊಡುವ ಕರಾರು ಊರ್ಜಿತವಲ್ಲ. ಗಾಯಕರಿಗೂ ಒಂದು ಪಾಲುಂಟು. 2017ರಲ್ಲಿ ಇಳಯರಾಜರು ಕನ್ನಡಿಗರಿಗೂ ಪ್ರಿಯರಾದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ, ತಮ್ಮ ಹಾಡುಗಳನ್ನು ಅನುಮತಿಯಿಲ್ಲದೆ ಸಭೆಗಳಲ್ಲಿ ಹಾಡಕೂಡದೆಂದು ನೋಟೀಸು ಕಳುಹಿಸಿದಾಗ ಅನೇಕರು ನೊಂದರು. ಸ್ನೇಹದ ದೃಷ್ಟಿಯಿಂದ ಅದು ನೋವಿನ ಸಂಗತಿಯೇ. ಆದರೆ ದೊಡ್ಡ ಟಿಕೆಟ್ಟಿನ ಸಭೆಯಲ್ಲಿ ಹಾಡು ಹಣ ತರುವಾಗ ಅದನ್ನು ಕಟ್ಟಿದವನಿಗೂ ಪಾಲು ಬೇಕೆಂಬ ವಾದದಲ್ಲಿ ನ್ಯಾಯವುಂಟು.

ಈ ಮೂರು ಪ್ರಕರಣಗಳಿಂದ ಒಂದು ಸಾರಾಂಶವು ಹೊರಡುತ್ತದೆ. ಸ್ವಾಮ್ಯವು ಕರ್ತೃವಿನ ಅನ್ನಕ್ಕೆ ಆಧಾರವಾದಾಗ ಅದು ಕಲೆಯನ್ನು ಪೋಷಿಸುತ್ತದೆ. ಕರ್ತೃವಿಗೆ ಸಂಬಂಧವಿಲ್ಲದವರ ಕೈಯಲ್ಲಿ ಅದು ಬೀಗವಾದಾಗ ಕಲೆಯನ್ನು ಬಾಡಿಸುತ್ತದೆ. ಅರುವತ್ತು ವರ್ಷವೆಂಬುದು ಕನ್ನಡದಂಥ ಭಾಷೆಗೆ ಬಹಳ ದೀರ್ಘವೆಂದೇ ನನ್ನ ಭಾವನೆ. ಒಮ್ಮೆ ಅಚ್ಚಾಗಿ ಸಾವಿರ ಪ್ರತಿ ತೀರಿದ ಮೇಲೆ ಮರುಮುದ್ರಣ ಕಾಣದ ಎಷ್ಟೋ ಒಳ್ಳೆಯ ಪುಸ್ತಕಗಳಿವೆ. ಅವುಗಳ ಕರ್ತೃಗಳು ಗತಿಸಿದ್ದಾರೆ, ವಾರಸುದಾರರು ಯಾರೆಂದು ತಿಳಿಯದು, ಅಚ್ಚುಹಾಕುವ ಮನಸ್ಸುಳ್ಳವರು ಅಂಜುತ್ತಾರೆ. ಅಲ್ಲಿ ಸ್ವಾಮ್ಯದಿಂದ ಯಾರಿಗೂ ಹಣ ಬರುತ್ತಿಲ್ಲ. ಮರೆವು ಮಾತ್ರ ಬೆಳೆಯುತ್ತಿದೆ. ಸ್ವಾಮ್ಯವುಳ್ಳವರು ಸಿಕ್ಕದಿದ್ದಾಗ ಪರವಾನಗಿ ಪಡೆಯುವ ದಾರಿಯೊಂದು ಕಾಯಿದೆಯಲ್ಲಿ ಉಂಟಾದರೂ ಅದು ಸಣ್ಣ ಪ್ರಕಾಶಕನಿಗೆ ಸುಗಮವಾದುದಲ್ಲ. ತಮಿಳುನಾಡು ಮಾಡಿದಂತೆ ಕರ್ನಾಟಕ ಸರಕಾರವೂ ವಾರಸುದಾರರಿಗೆ ಗೌರವಧನವನ್ನಿತ್ತು, ಅವರು ಒಪ್ಪಿದ ಕಡೆಯಲ್ಲಿ ಹಿರಿಯ ಲೇಖಕರ ಕೃತಿಗಳನ್ನು ನಾಡಿಗೆ ಬಿಡುಗಡೆ ಮಾಡುವ ಕ್ರಮವನ್ನು ಕೈಕೊಳ್ಳಬೇಕು. ಲೇಖಕರೂ ಕಾರಂತರಂತೆ ಉಯಿಲು ಬರೆದಿಡಬೇಕು. ಯಾವ ಕೃತಿ ಯಾರಿಗೆ, ಯಾವ ಕೃತಿ ಎಲ್ಲರಿಗೆ ಎಂಬುದನ್ನು ಅವರು ಸ್ಪಷ್ಟವಾಗಿ ಹೇಳಿ ಹೋಗುವುದು ಭಾಷೆಗೆ ಮಾಡುವ ಉಪಕಾರ.

ಇನ್ನು ನಮ್ಮನಿಮ್ಮಂಥವರ ಕರ್ತವ್ಯ. ಚೆನ್ನೈಯಲ್ಲಿ, ಮುಂಬಯಿಯಲ್ಲಿ, ದೆಹಲಿಯಲ್ಲಿ, ಎಲ್ಲೆಲ್ಲಿ ಕನ್ನಡ ಸಂಘಗಳಿವೆಯೋ ಅಲ್ಲೆಲ್ಲ ರಾಜ್ಯೋತ್ಸವಕ್ಕೆ ನಾಟಕವಾಡುತ್ತೇವೆ, ಭಾವಗೀತೆ ಹಾಡುತ್ತೇವೆ. ಹವ್ಯಾಸಿ ಸಂಘವು ಟಿಕೆಟ್ಟಿಲ್ಲದೆ ಆಡುವ ನಾಟಕಕ್ಕೂ ಹಾಡುವ ಹಾಡಿಗೂ ಕಾಯಿದೆಯ 52ನೆಯ ಪ್ರಕರಣವು ವಿನಾಯಿತಿಯನ್ನು ಕೊಡುತ್ತದೆ. ಮದುವೆಯ ಸಮಾರಂಭಕ್ಕೂ ಧಾರ್ಮಿಕ ಕಾರ್ಯಕ್ಕೂ ವಿನಾಯಿತಿಯುಂಟು. ಆದ್ದರಿಂದ ಭಯಪಡಬೇಕಾಗಿಲ್ಲ. ಟಿಕೆಟ್ಟಿಟ್ಟರೆ ಅನುಮತಿಯನ್ನು ಕೇಳಿ, ಸಲ್ಲಬೇಕಾದುದನ್ನು ಸಲ್ಲಿಸಿ. ಅದು ದಂಡವಲ್ಲ, ಅರಸರಿಲ್ಲದ ಕಾಲದಲ್ಲಿ ಕಲಾವಿದನನ್ನು ಸಾಕುವ ಭಾರವು ರಸಿಕರ ಮೇಲೆ ಬಿದ್ದಿದೆ.

ಆದರೆ ವಿನಾಯಿತಿ ದೊರೆಯುವುದು ಹಣಕ್ಕೆ. ಹೆಸರಿಗೆ ವಿನಾಯಿತಿಯಿಲ್ಲ. ಕಾಯಿದೆಯ 57ನೆಯ ಪ್ರಕರಣವು ಕರ್ತೃವಿಗೆ ತನ್ನ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕನ್ನೂ ಕೊಟ್ಟಿದೆ. ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಈ ಹಕ್ಕು ಅವನಲ್ಲಿಯೇ ಉಳಿಯುತ್ತದೆ. ಹಿಂದಿನವರು ಅಂಕಿತವೆಂದು ಪಾಲಿಸಿದ್ದನ್ನೇ ಇಂದಿನ ಶಾಸನವು ತನ್ನ ಭಾಷೆಯಲ್ಲಿ ಹೇಳಿದೆ. ಎರವಲು ಪಡೆದವರು ಅದನ್ನು ಮರೆಮಾಚದಿದ್ದರೆ ಅದರಿಂದ ಅವರ ಕೀರ್ತಿಗೆ ಕುಂದಿಲ್ಲವೆಂಬುದಕ್ಕೆ ಬಿ. ಎಂ. ಶ್ರೀಕಂಠಯ್ಯನವರೇ ಸಾಕ್ಷಿ. ಅವರು ಇಂಗ್ಲಿಷಿನಿಂದ ತಂದ ಕವಿತೆಗಳ ಸಂಕಲನಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು. ಋಣವನ್ನು ಪುಸ್ತಕದ ಹಣೆಯ ಮೇಲೆಯೇ ಬರೆದರು. ಹೊಸಗನ್ನಡ ಕವಿತೆಯ ಆಚಾರ್ಯರೆಂಬ ಗೌರವವು ಅದರಿಂದ ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ.

ಕೊನೆಯದಾಗಿ ಒಂದು ವಿನಂತಿ. ದಾಸರ ಪದಕ್ಕೆ ಅಂಕಿತವು ಒಳಗೇ ಇದೆ. ನಾವು ಹೇಳಲು ಮರೆತರೂ ಹಾಡು ತಾನೇ ಹೇಳುತ್ತದೆ. ಆಧುನಿಕ ಕವಿತೆಗೆ ಅಂಥ ಅಂಕಿತವಿಲ್ಲ. ಅದಕ್ಕೆ ಮಟ್ಟು ಹಾಕಿದವರ ಹೆಸರು ಸ್ವರದಲ್ಲಿ ಕೇಳಿಸುವುದಿಲ್ಲ. ಬಾನುಲಿಯಲ್ಲಿ ಹಾಡಿನ ಮೊದಲು ಸಾಹಿತ್ಯ ಯಾರದು, ಸಂಗೀತ ಯಾರದು, ಗಾಯನ ಯಾರದು ಎಂದು ಹೇಳುವ ಒಳ್ಳೆಯ ಪದ್ಧತಿಯುಂಟು. ಅದನ್ನು ಸಂಘಗಳ ವೇದಿಕೆಗೂ, ಶಾಲೆಯ ವಾರ್ಷಿಕೋತ್ಸವಕ್ಕೂ, ಮನೆಯ ಸಂಗೀತಪಾಠಕ್ಕೂ ತನ್ನಿ. ಮಕ್ಕಳಿಗೆ ಹಾಡನ್ನು ಕಲಿಸುವಾಗ ಕಟ್ಟಿದವರ ಹೆಸರನ್ನೂ ಕಲಿಸಿ. ಮುಂದಿನ ರಾಜ್ಯೋತ್ಸವದಲ್ಲಿ ನೀವು ಹಾಡುವ ಪ್ರತಿಯೊಂದು ಗೀತೆಗೂ ಕವಿಯ ಹೆಸರನ್ನು, ರಾಗ ಹಾಕಿದವರ ಹೆಸರನ್ನು, ಜಾನಪದವಾದರೆ ಅದು ಬಂದ ಸೀಮೆಯ ಹೆಸರನ್ನು ಮೊದಲು ಹೇಳಿ, ಆಮೇಲೆ ಹಾಡಿ. ಇದಕ್ಕೆ ನ್ಯಾಯಾಲಯ ಬೇಕಿಲ್ಲ, ಹಣ ಬೇಕಿಲ್ಲ. ಅರುವತ್ತು ವರ್ಷ ಕಳೆದ ಮೇಲೂ ಇದು ತೀರುವುದಿಲ್ಲ.